ವಿಶ್ರಾಂತಿಯನ್ನು ಸಹಿಸದ ಕಾಲುಗಳು



ದಿನದ ದುಡಿಮೆ ಮುಗಿಸಿ ಹಾಸಿಗೆಯ ಮೇಲೆ ಮೈಚಾಚಿದಾಗ ನಿದ್ರೆ ಬರುವುದು ದೇಹಧರ್ಮ. ಆದರೆ ಕೆಲವರ ಪಾಲಿಗೆ ತೊಂದರೆ ಆರಂಭವಾಗುವುದೇ ಆ ಗಳಿಗೆಯಲ್ಲಿ. ಮೀನಖಂಡದೊಳಗೆ ಏನೋ ಹರಿದಾಡಿದಂತೆ, ಸೆಳೆದಂತೆ ಭಾಸವಾಗಿ, ಕಾಲನ್ನು ಅಲ್ಲಾಡಿಸದೆ ಇರಲಾಗದೆಂಬ ತವಕ ಹುಟ್ಟುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಶಮನ. ಮಲಗಿದರೆ ಮತ್ತೆ ಅದೇ ಪಾಡು. ಕೆಲವರಿಗೆ ತೋಳುಗಳಲ್ಲಿಯೂ ಹೀಗಾಗುವುದುಂಟು. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಕನ್ನಡದಲ್ಲಿ ಕಾಲಿನ ಚಡಪಡಿಕೆ ಎಂದು ಕರೆಯಬಹುದು.

ಇದು ಹೊಸ ಕಾಯಿಲೆಯಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇದನ್ನು ಲ್ಯಾಟಿನ್ ಭಾಷೆಯಲ್ಲಿ ವರ್ಣಿಸಿದ್ದರು. ಸ್ವೀಡನ್ನಿನ ನರರೋಗತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬಾಮ್ 1945ರಲ್ಲಿ ಇದರ ಸ್ವರೂಪವನ್ನು ವಿಸ್ತಾರವಾಗಿ ನಿರೂಪಿಸಿದರು. ಆದರೂ ಇಂದಿಗೂ ಅನೇಕ ಮನೆಗಳಲ್ಲಿ ಇದು ಕೆಟ್ಟ ಚಾಳಿ, ಮನಸ್ಸಿನ ಭ್ರಮೆ ಅಥವಾ ವಯಸ್ಸಿನ ಆಯಾಸವೆಂಬ ಮಾತಿಗೆ ಗುರಿಯಾಗುತ್ತದೆ. ರೋಗಿಯಾದರೋ ನಗೆಗೀಡಾಗುವ ಅಂಜಿಕೆಯಿಂದ ಮೌನವಾಗಿ ರಾತ್ರಿಗಳನ್ನು ಕಳೆಯುತ್ತಾನೆ.

ಈ ರೋಗವನ್ನು ಗುರುತಿಸಲು ದೊಡ್ಡ ಯಂತ್ರಗಳು ಬೇಕಿಲ್ಲ. ರೋಗಿಯ ಮಾತೇ ಮುಖ್ಯ ಸಾಕ್ಷ್ಯ. ನಾಲ್ಕು ಲಕ್ಷಣಗಳನ್ನು ನೆನಪಿಡಬೇಕು. ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ತವಕ. ಕುಳಿತಾಗ, ಮಲಗಿದಾಗ ಅದು ಹೆಚ್ಚುವುದು. ನಡೆದಾಗ, ನೀವಿದಾಗ ತಗ್ಗುವುದು. ಸಂಜೆ ಮತ್ತು ರಾತ್ರಿ ಉಲ್ಬಣಿಸುವುದು. ಸ್ನಾಯು ಗಂಟುಕಟ್ಟಿ ನೋಯುವ ಸೆಳೆತವಾಗಲಿ, ಒಂದೇ ಭಂಗಿಯಲ್ಲಿ ಕುಳಿತು ಬರುವ ಜೋಮಾಗಲಿ, ಯೋಚಿಸುತ್ತಾ ಕಾಲು ಕುಣಿಸುವ ಅಭ್ಯಾಸವಾಗಲಿ ಈ ರೋಗವಲ್ಲ.

ಇದರ ಮೂಲವಿರುವುದು ಕಾಲಿನಲ್ಲಲ್ಲ, ನರಮಂಡಲದಲ್ಲಿ. ಮಿದುಳಿನಲ್ಲಿ ಕಬ್ಬಿಣಾಂಶದ ಕೊರತೆ ಮತ್ತು ಡೋಪಮೈನ್ ಎಂಬ ರಾಸಾಯನಿಕದ ಏರುಪೇರು ಇದಕ್ಕೆ ಸಂಬಂಧಿಸಿವೆಯೆಂದು ಸಂಶೋಧನೆಗಳು ತೋರಿಸಿವೆ. ಹಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಕಾಣಿಸಿಕೊಂಡು ಹೆರಿಗೆಯ ನಂತರ ಬಹುಮಟ್ಟಿಗೆ ಶಮನವಾಗುತ್ತದೆ. ಮೂತ್ರಪಿಂಡಗಳ ವೈಫಲ್ಯದಿಂದ ಡಯಾಲಿಸಿಸ್ ಪಡೆಯುವವರಲ್ಲಿಯೂ ಇದು ಹೆಚ್ಚು.

ನಮ್ಮ ದೇಶದಲ್ಲಿ ಕಬ್ಬಿಣಾಂಶದ ವಿಷಯಕ್ಕೆ ವಿಶೇಷ ಮಹತ್ವವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನತೆಯುಳ್ಳವರು. ರಕ್ತಹೀನತೆಗೆ ಕಾರಣಗಳು ಹಲವು. ಕಬ್ಬಿಣಾಂಶದ ಕೊರತೆ ಅವುಗಳಲ್ಲಿ ಪ್ರಮುಖವಾದುದು. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದ ಕಬ್ಬಿಣದ ಸಂಗ್ರಹ ಬರಿದಾಗಿರಬಹುದು ಎಂಬುದನ್ನೂ ಮರೆಯಬಾರದು. ಆ ಸಂಗ್ರಹವನ್ನು ತಿಳಿಸುವುದು ಫೆರಿಟಿನ್ ಎಂಬ ರಕ್ತಪರೀಕ್ಷೆ. ವರದಿಯಲ್ಲಿ ಸಹಜವೆಂದು ಮುದ್ರಿತವಾಗಿದ್ದರೂ, ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಈ ರೋಗವುಳ್ಳ ವಯಸ್ಕರಿಗೆ ಕಬ್ಬಿಣಾಂಶ ಕೊಡುವ ವಿಚಾರವನ್ನು ತಜ್ಞರು ಪರಿಶೀಲಿಸುತ್ತಾರೆ. ಆದರೆ ಪರೀಕ್ಷೆಯಿಲ್ಲದೆ ತಾವಾಗಿಯೇ ಕಬ್ಬಿಣದ ಮಾತ್ರೆ ನುಂಗುವುದು ಸಲ್ಲದು. ಅಧಿಕ ಕಬ್ಬಿಣವೂ ಅಪಾಯಕಾರಿ. ಗರ್ಭಿಣಿಯರು ಮಾತ್ರ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಊಟದೊಡನೆ ಚಹಾ, ಕಾಫಿ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೂಡುವುದಿಲ್ಲ. ನಿಂಬೆ, ನೆಲ್ಲಿಕಾಯಿ ಅದಕ್ಕೆ ನೆರವಾಗುತ್ತವೆ.

ಇನ್ನೊಂದು ಎಚ್ಚರಿಕೆ. ನಿದ್ರೆ ಬಾರದೆಂದು ಅಂಗಡಿಯಿಂದ ತಂದ ಮಾತ್ರೆಯೇ ರೋಗವನ್ನು ಕೆರಳಿಸಬಹುದು. ತೂಕಡಿಕೆ ತರುವ ನೆಗಡಿಯ ಔಷಧಿಗಳು, ವಾಂತಿ ತಡೆಯುವ ಕೆಲವು ಮಾತ್ರೆಗಳು, ಮನೋರೋಗದ ಹಾಗೂ ಖಿನ್ನತೆಯ ಕೆಲವು ಔಷಧಿಗಳು ಈ ಸಾಲಿಗೆ ಸೇರುತ್ತವೆ. ಹಾಗೆಂದು ವೈದ್ಯರು ಕೊಟ್ಟ ಔಷಧಿಯನ್ನು ತಟ್ಟನೆ ನಿಲ್ಲಿಸಬಾರದು. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ಅವರಿಗೆ ತೋರಿಸಿ ಸಲಹೆ ಕೇಳಬೇಕು. ಡೋಪಮೈನ್‌ನಂತೆ ವರ್ತಿಸುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಔಷಧಿಗಳನ್ನು ಹಿಂದೆ ಮೊದಲ ಆಯ್ಕೆಯಾಗಿ ಕೊಡುತ್ತಿದ್ದರು. ಅವು ಆರಂಭದಲ್ಲಿ ಸುಖ ಕೊಟ್ಟರೂ, ವರ್ಷಗಳು ಕಳೆದಂತೆ ಅನೇಕರಲ್ಲಿ ಬಾಧೆಯನ್ನು ಹೆಚ್ಚಿಸಿದ್ದು ಕಂಡುಬಂದಿದೆ. ಆದುದರಿಂದ ಈಗ ಗ್ಯಾಬಪೆಂಟಿನ್ ಮೊದಲಾದ ಔಷಧಿಗಳಿಗೆ ಆದ್ಯತೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಮನೆಯಲ್ಲಿ ಮಾಡಬಹುದಾದ ಉಪಾಯಗಳೂ ಉಂಟು. ನಿಯತ ವೇಳೆಗೆ ಮಲಗುವುದು, ಹಗಲಿನಲ್ಲಿ ಮಿತವಾದ ನಡಿಗೆ, ಸಂಜೆಯ ಕಾಫಿ ಮತ್ತು ಮದ್ಯವನ್ನು ವರ್ಜಿಸುವುದು, ಬಿಸಿನೀರಿನ ಶಾಖ, ಕಾಲು ನೀವುವುದು ಹಿತಕರ. ಮುಂಬಯಿಯಿಂದಲೋ ಪುಣೆಯಿಂದಲೋ ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಡುವವರು ಎದ್ದು ನಿಲ್ಲಲು ಅನುಕೂಲವಾದ ಆಸನವನ್ನು ಆರಿಸಿಕೊಂಡರೆ ಪ್ರಯಾಣ ಸಹ್ಯವಾಗುತ್ತದೆ.

ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಾದರೂ ನಡುರಾತ್ರಿ ಎದ್ದು ಅಡ್ಡಾಡುತ್ತಿದ್ದರೆ ಗದರಿಸಬೇಡಿ, ಕಾರಣ ಕೇಳಿ. ಮೇಲೆ ಹೇಳಿದ ಲಕ್ಷಣಗಳು ಹೊಂದಿದಲ್ಲಿ ವೈದ್ಯರ ಬಳಿ ಕರೆದೊಯ್ಯಿರಿ. ಅವರ ಮುಂದೆ "ನಿದ್ರೆಯಿಲ್ಲ" ಎಂದಷ್ಟೇ ಹೇಳಿ ನಿಲ್ಲಿಸದೆ, "ಕಾಲು ಸುಮ್ಮನಿರಗೊಡುವುದಿಲ್ಲ" ಎಂಬುದನ್ನೂ ಹೇಳಿ. ಚಿಕಿತ್ಸೆ ಆರಂಭವಾಗುವುದು ಆ ಒಂದು ಮಾತಿನಿಂದ.