ಮಳೆಗೆ ಭೇದವಿಲ್ಲ, ಸೂರಿಗೆ ಇದೆ

(ತಲಘಟ್ಟಪುರದಲ್ಲಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಅತಿವೃಷ್ಟಿಯನ್ನು ಪ್ರಕೃತಿಯ ಮುನಿಸೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದೇ ಮಳೆ ಒಬ್ಬರ ಅಂಗಳವನ್ನಷ್ಟೇ ತೋಯಿಸಿ ಇನ್ನೊಬ್ಬರ ಬದುಕನ್ನೇ ಕೊಚ್ಚಿಕೊಂಡು ಹೋಗುವುದೇಕೆ? ಇದಕ್ಕೆ ಉತ್ತರವನ್ನು ಮೋಡದಲ್ಲಿ ಹುಡುಕಬೇಕಿಲ್ಲ, ಅದು ನೆಲದ ಮೇಲೆಯೇ ಇದೆ.

ಕನಕಪುರ ರಸ್ತೆಯ ಈ ತಲಘಟ್ಟಪುರಕ್ಕೆ 2021ರ ಜನವರಿಯಲ್ಲಿ ಮೆಟ್ರೊ ಬಂತು. ನಗರ ಹಬ್ಬುವಲ್ಲೆಲ್ಲ ಅದನ್ನು ಕಟ್ಟುವವರಿಗೆ ದಕ್ಕುವುದು ತಗಡಿನ ಶೆಡ್ಡು, ತಗ್ಗಿನ ಜಾಗ, ರಾಜಕಾಲುವೆಯ ಅಂಚು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನ ವಿಲ್ಲಾಗಳಿಗೂ ನೀರು ನುಗ್ಗಿತು. ಅಲ್ಲಿನವರು ಟ್ರ್ಯಾಕ್ಟರ್ ಏರಿ ಹೊರಬಂದರು; ಅವರಿಗೆ ಹೋಟೆಲಿತ್ತು, ವಿಮೆಯಿತ್ತು. ಶೆಡ್ಡಿನವನ ಪಾಲಿಗೆ ಅದೇ ನೀರೆಂದರೆ ನೆನೆದ ಅಕ್ಕಿ, ಹಾಳಾದ ಪಡಿತರ ಚೀಟಿ, ಕೈತಪ್ಪಿದ ಕೂಲಿ. 2025ರ ಮೇ ತಿಂಗಳ ಮಳೆಯಲ್ಲಿ ಬಿ.ಟಿ.ಎಂ. ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ನಿಂತ ನೀರನ್ನು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಒಬ್ಬರು ಅಲ್ಲಿಯ ನಿವಾಸಿ. ಇನ್ನೊಬ್ಬ, ಅಲ್ಲಿ ದುಡಿಯುತ್ತಿದ್ದ ಕಾರ್ಮಿಕನ ಮಗ, ಇನ್ನೂ ಬಾಲಕ. ಸಿರಿವಂತರನ್ನು ಮಳೆ ಮುಟ್ಟುವುದಿಲ್ಲವೆಂದಲ್ಲ. ಬಡವರಿಗೆ ಅದರಿಂದ ದೂರ ಸರಿಯುವ ದಾರಿಗಳು ಕಡಿಮೆ.

ಗುಡ್ಡಗಾಡಿನಲ್ಲಿಯೂ ಇದೇ ಕಥೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ಮಣ್ಣಿನಡಿ ಸಿಕ್ಕವರಲ್ಲಿ ರಸ್ತೆಬದಿಯಲ್ಲಿ ಚಹಾದಂಗಡಿ ಇಟ್ಟಿದ್ದ ಕುಟುಂಬದವರೂ ಲಾರಿ ಚಾಲಕರೂ ಇದ್ದರು. ಎರಡು ವಾರಗಳಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ 250ಕ್ಕೂ ಹೆಚ್ಚು ಜನ ಅಸುನೀಗಿದರು. ಅವರಲ್ಲಿ ಅನೇಕರು ತೋಟದ ಕೂಲಿಗಳು. ಬದುಕು ಅರಸಿ ಹೋಗಿದ್ದ ಕನ್ನಡಿಗರೂ ಇದ್ದರು. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ತೋಟದ ಮಾಲೀಕರೂ ಮನೆ ಕಳೆದುಕೊಂಡರು, ನಿಜ. ಆದರೆ ಲೈನ್‌ಮನೆಯ ಕಾರ್ಮಿಕನ ಹೆಸರಿನಲ್ಲಿ ಮನೆಯೂ ಇಲ್ಲ, ಹಕ್ಕುಪತ್ರವೂ ಇಲ್ಲ. ಪರಿಹಾರವು ಕಾಗದ ಕೇಳುತ್ತದೆ. ಕಾಗದವಿಲ್ಲದವನ ನಷ್ಟ ಲೆಕ್ಕಕ್ಕೇ ಸೇರುವುದಿಲ್ಲ. ಸಾಲ ಮಾಡಿ ಅದೇ ಇಳಿಜಾರಿನಲ್ಲಿ ಮತ್ತೆ ಗುಡಿಸಲು ಹಾಕುತ್ತಾನೆ, ಮುಂದಿನ ಮಳೆಗೆ ಇನ್ನಷ್ಟು ದುರ್ಬಲನಾಗಿ ಎದುರಾಗುತ್ತಾನೆ.

ಇದು ವಿಧಿಯಲ್ಲ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಅಪ್ಪಳಿಸುವ ಮೊದಲೇ ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸತ್ತವರು 50ಕ್ಕಿಂತ ಕಡಿಮೆ. ಬಿರುಗಾಳಿಯನ್ನು ಯಾರೂ ತಡೆಯಲಿಲ್ಲ. ಮುನ್ಸೂಚನೆ ಬಡವನ ಗುಡಿಸಲಿಗೂ ತಲುಪಿತು, ಹೋಗಿ ನಿಲ್ಲಲು ಭದ್ರವಾದ ಸೂರೂ ಇತ್ತು.

ಆದ್ದರಿಂದ ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆಯೂ ಒಂದು ಪಟ್ಟಿ ಮಾಡಲಿ: ಕಡಿದ ಗುಡ್ಡದ ಕೆಳಗೆ, ಹಳ್ಳದ ಅಂಚಿನಲ್ಲಿ ಯಾರಿದ್ದಾರೆ? ನಡೆಯಲಾಗದ ವೃದ್ಧರು ಯಾವ ಮನೆಯಲ್ಲಿದ್ದಾರೆ? ಹಕ್ಕುಪತ್ರ ಯಾರಿಗಿಲ್ಲ? ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಬರೆದುಕೊಳ್ಳಬಹುದಾದ ಪಟ್ಟಿಯಿದು. ಲೈನ್‌ಮನೆಯವರ, ಶೆಡ್ಡಿನವರ ಹೆಸರುಗಳು ಅದರಲ್ಲಿ ಮೊದಲು ಬರಲಿ. ಮಳೆ ಬಂದ ಮೇಲೆ ಬರೆಯುವ ಪಟ್ಟಿ ಸತ್ತವರದಾಗಿರುತ್ತದೆ.