ಹೊಸ ಕ್ಲಚ್ಚು, ಹಳೆಯ ತಕರಾರು

ಕಾರಿಗೆ ಹೊಸ ಕ್ಲಚ್ಚು ಹಾಕಿಸಿದಿರಿ. ಆದರೂ ರಿವರ್ಸ್ ಗೇರು ಕರಕರನೆ ಅರಚುತ್ತದೆ. ಗೇರ್‌ಬಾಕ್ಸನ್ನು ಮತ್ತೆ ಇಳಿಸಬೇಕೆಂದು ಮೆಕ್ಯಾನಿಕ್ ಹೇಳಿದರೆ ಕೊಂಚ ತಡೆಯಿರಿ. ಆ ಕೂಲಿ ಸಣ್ಣದಲ್ಲ. ಎಂಜಿನ್ ಮೆಲ್ಲಗೆ ಓಡುತ್ತಿರಲಿ. ಪೆಡಲನ್ನು ಪೂರ್ತಿ ತುಳಿದು, ಐದಾರು ಸೆಕೆಂಡು ಕಾದು, ರಿವರ್ಸ್ ಹಾಕಿ. ಆಗಲೂ ಅರಚಿದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದೇ ತಿಳಿಯಬೇಕು. ಕೇಬಲ್ಲಿನ ಕಾರಾದರೆ ಅದು ಸಡಿಲವಾಗಿರಬಹುದು. ಎಣ್ಣೆಯ ಒತ್ತಡದಿಂದ ನಡೆಯುವುದಾದರೆ ಕೊಳವೆಗೆ ಗಾಳಿ ಸೇರಿರಬಹುದು. ಎರಡು ಮೂರು ಸಲ ಬೇಗಬೇಗ ತುಳಿದಾಗ ಗೇರು ಸಲೀಸಾಗಿ ಬಿದ್ದರೆ ಗಾಳಿಯ ಮೇಲೆಯೇ ಅನುಮಾನ. ನನ್ನ ಕಾರಿನದೂ ಅದೇ ಕಥೆ. ಗಾಳಿ ತೆಗೆಸಿದ್ದು ಅರ್ಧ ಗಂಟೆಯ ಕೆಲಸ! ಇವೆಲ್ಲ ಸರಿಯಿದ್ದರೆ, ತಟ್ಟೆಯನ್ನೇ ತಿರುವುಮುರುವಾಗಿ ಕೂರಿಸಿರಬಹುದು. ಆಗ ಇಳಿಸದೆ ಗತಿಯಿಲ್ಲ. ಎಂಜಿನ್ ಬೊಬ್ಬೆಯಿಟ್ಟರೂ ಕಾರು ಏರು ಹತ್ತದಿದ್ದರೆ ಅದು ಬೇರೆ ರೋಗ: ಕ್ಲಚ್ಚು ಜಾರುತ್ತಿದೆ. ಕೇಬಲ್ ಅತಿಯಾಗಿ ಬಿಗಿದಿದೆಯೋ, ತಟ್ಟೆಗೆ ಎಣ್ಣೆ ತಗುಲಿದೆಯೋ ನೋಡಿಸಿ.