ಭಯ ಹುಟ್ಟುವುದು ಎಲ್ಲಿ?

ಥ್ರಿಲ್ಲರ್ ಚಿತ್ರ ಮಾಡಹೊರಟ ವಿದ್ಯಾರ್ಥಿಗಳು ಮೊದಲು ಹುಡುಕುವುದು ಮುಖವಾಡ, ಕೆಂಪು ಬಣ್ಣ. ಆದರೆ 1960ರ ‘ಸೈಕೋ’ದಲ್ಲಿ ಹಿಚ್‌ಕಾಕ್ ಸ್ನಾನದ ಕೋಣೆಯ ಕೊಲೆಯನ್ನು ಕಟ್ಟಿದ್ದು ಚೂರುಚೂರು ದೃಶ್ಯಗಳಿಂದ, ಪಿಟೀಲಿನ ಕೀರಲು ದನಿಯಿಂದ. ಕಪ್ಪು-ಬಿಳುಪಿನಲ್ಲಿ ಹರಿದ ಆ ‘ರಕ್ತ’ ಬರೀ ಚಾಕೊಲೇಟ್ ಪಾಕ!

ಕನ್ನಡದಲ್ಲಿ ಕಾಶೀನಾಥ್ 1978ರಲ್ಲಿ ‘ಅಪರಿಚಿತ’ ನಿರ್ದೇಶಿಸಿದರು. ಅವರ ಗರಡಿಯಲ್ಲೇ ಪಳಗಿದ ಉಪೇಂದ್ರ 1993ರ ‘ಶ್!’ನಲ್ಲಿ ಚಿತ್ರೀಕರಣದ ತಂಡವನ್ನೇ ಭಯಕ್ಕೆ ಸಿಕ್ಕಿಸಿದರು.

ಬಾಗಲಕೋಟೆ, ಹುನಗುಂದದ ಹುಡುಗರ ಬಳಿ ಹಣವಿಲ್ಲದಿರಬಹುದು. ಆದರೆ ಬಾದಾಮಿಯ ಕೆಂಪು ಬಂಡೆಗಳ ನಡುವೆ ಕವಿಯುವ ಮುಸ್ಸಂಜೆ ಇದೆ. ಇಳಕಲ್ಲಿನ ಓಣಿಯಲ್ಲಿ ಮಗ್ಗದ ಸದ್ದಿದೆ. ಆ ಸದ್ದು ತಟ್ಟನೆ ನಿಂತರೆ? ಕಾರಣ ತೋರಿಸುವ ಅವಸರ ಬೇಡ. ತೋರಿಸದೆ ಉಳಿಸಿದ್ದನ್ನು ನೋಡುಗರ ಮನಸ್ಸೇ ತುಂಬಿಕೊಳ್ಳುತ್ತದೆ. ಭಯ ಹುಟ್ಟುವುದು ಅಲ್ಲಿಯೇ.